ಮಲೆಯಿಂದ ಸಿಂಹಾಸನಕ್ಕೆ: ಹೊಯ್ಸಳರ ಏಳಿಗೆಯೂ ಶ್ರಾವಕಧರ್ಮವೂ

ಸಾಮ್ರಾಜ್ಯಗಳನ್ನು ಕಟ್ಟಿದವರು ಯಾವಾಗಲೂ ನಗರವಾಸಿಗಳೇ ಎಂದು ಭಾವಿಸುವುದು ವಾಡಿಕೆ. ಇತಿಹಾಸವು ಬೇರೆಯದನ್ನೇ ಹೇಳುತ್ತದೆ. ಹುಲ್ಲುಗಾವಲುಗಳಲ್ಲಿ ಕುದುರೆ ಕುರಿಗಳನ್ನು ಮೇಯಿಸುತ್ತಿದ್ದ ಮಂಗೋಲ ಕುಲಗಳನ್ನು ಚೆಂಗಿಸ್ ಖಾನನು 1206ರಲ್ಲಿ ಒಂದುಗೂಡಿಸಿದನು. ಅವನೂ ಅವನ ವಂಶಜರೂ ಮುಂದಿನ ಕೆಲವೇ ದಶಕಗಳಲ್ಲಿ ಚೀನಾದಿಂದ ಪೂರ್ವ ಯುರೋಪಿನವರೆಗೆ ರಾಜ್ಯವನ್ನು ಹರಡಿದರು. ಗೆದ್ದ ಉತ್ತರ ಚೀನಾದ ಹೊಲಗಳನ್ನೆಲ್ಲ ಹುಲ್ಲುಗಾವಲಾಗಿಸಬೇಕೆಂಬ ಸಲಹೆ ಬಂದಾಗ, ರೈತನನ್ನು ಬದುಕಗೊಟ್ಟು ನಿಯತವಾದ ತೆರಿಗೆ ಪಡೆಯುವುದೇ ಹೆಚ್ಚು ಲಾಭಕರವೆಂದು ಯೆಲು ಚುತ್ಸಾಯ್ ಎಂಬ ಮಂತ್ರಿಯು ಒಡೆಯನಿಗೆ ಲೆಕ್ಕ ಹಾಕಿ ತೋರಿಸಿದನು. ಅಲೆಮಾರಿಯ ಬಾಹುಬಲವು ರಾಜ್ಯವಾಗಿ ನಿಲ್ಲಬೇಕಾದರೆ ಲೆಕ್ಕ, ಲಿಪಿ ಮತ್ತು ಕೊಟ್ಟ ಮಾತು ಎಂಬ ಮೂರೂ ಬೇಕೆಂಬುದು ಇದರ ಸಾರ. 14ನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನನು ಮರುಭೂಮಿಯ ಕುಲಗಳನ್ನು ಕುರಿತು ಬರೆಯುತ್ತ, ಕಷ್ಟಜೀವನದಿಂದ ಹುಟ್ಟಿದ ಒಗ್ಗಟ್ಟೇ ಅವರನ್ನು ಗದ್ದುಗೆಗೇರಿಸುತ್ತದೆ, ಗದ್ದುಗೆಯ ಸುಖವೇ ಕೆಲವು ತಲೆಮಾರುಗಳಲ್ಲಿ ಆ ಒಗ್ಗಟ್ಟನ್ನು ಕರಗಿಸುತ್ತದೆ ಎಂದು ವಿವೇಚಿಸಿದ್ದಾನೆ.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ನಿದರ್ಶನ ಹೊಯ್ಸಳರದು. ಅವರು ಮಂಗೋಲರಂತೆ ಅಲೆಮಾರಿಗಳಾಗಿದ್ದರೆಂದು ಹೇಳಲಾಗದು. ಪಶ್ಚಿಮ ಘಟ್ಟದ ‘ಮಲೆಪ’ರ, ಎಂದರೆ ಗುಡ್ಡಗಾಡಿನ ನಾಯಕರ, ನಡುವಿನಿಂದ ಬಂದವರು. ಅವರ ಮೂಲವನ್ನು ಗೋಪಾಲಕ ಸಮುದಾಯಗಳಲ್ಲಿ ಅರಸಿದ ವಿದ್ವಾಂಸರೂ ಇದ್ದಾರೆ. ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಸಾಮ್ರಾಟರಾದ ಮೇಲೂ ಅವರು ಬಿಡಲಿಲ್ಲ. ಆ ಕಾಲದ ಸಮಾಜದಲ್ಲಿ ದನವೇ ಧನ. ತುರುಗೋಳಿನಲ್ಲಿ, ಅಂದರೆ ದನಗಳನ್ನು ಸೆರೆಹಿಡಿಯುವ ಕಾಳಗದಲ್ಲಿ, ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ನಾಡಿನಾದ್ಯಂತ ನೂರಾರು ಸಂಖ್ಯೆಯಲ್ಲಿವೆ. ಸಾರಕ್ಕಿಗೆ ದೂರವಲ್ಲದ ಬೇಗೂರಿನಲ್ಲಿ ಕ್ರಿ.ಶ. ಸುಮಾರು 890ರ, ಗಂಗರ ಕಾಲದ ಶಾಸನವೊಂದು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಇಂದಿನ ಮಹಾನಗರದ ಹೆಸರು ಮೊದಲು ಕಾಣಿಸಿಕೊಳ್ಳುವುದು ಒಂದು ಮರಣದ ದಾಖಲೆಯಲ್ಲಿ ಎಂಬುದು ಚಿಂತನೀಯ.

ಸೊಸೆವೂರಿನ ಕಥೆ

ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಶಾಸನಗಳ ಸೊಸೆವೂರು, ಶಶಕಪುರ. ಅಲ್ಲಿ ವಾಸಂತಿಕಾ ದೇವಿಯ ಗುಡಿಯೂ ಪ್ರಾಚೀನ ಬಸದಿಗಳೂ ಇವೆ. ಸುದತ್ತ ಮುನಿಗಳ ಸನ್ನಿಧಿಗೆ ಹುಲಿಯೊಂದು ನುಗ್ಗಿದಾಗ ಮುನಿಗಳು ‘ಪೊಯ್ ಸಳ’ ಎಂದರೆಂದೂ, ಸಳನು ಹೊಡೆದು ಕೆಡವಿದನೆಂದೂ, ಅದರಿಂದ ವಂಶಕ್ಕೆ ಆ ಹೆಸರು ಬಂದಿತೆಂದೂ ಕಥೆಯು 12ನೆಯ ಶತಮಾನದ ಶಾಸನಗಳಿಂದೀಚೆಗೆ ಬೆಳೆದಿದೆ. ಸಳನ ಸಮಕಾಲೀನ ದಾಖಲೆ ದೊರೆತಿಲ್ಲ. ಹುಲಿಯು ಚೋಳರ ಲಾಂಛನವಾದ್ದರಿಂದ, ಚೋಳರ ಮೇಲಿನ ಜಯದ ಸಂಕೇತವಾಗಿ ಈ ಕಥೆ ರೂಪುಗೊಂಡಿತೆಂದು ಊಹಿಸಿದವರೂ ಉಂಟು.

ಕಥೆಯ ಚಾರಿತ್ರಿಕತೆಗಿಂತ ಶ್ರಾವಕನನ್ನು ಕಾಡಬೇಕಾದ ಪ್ರಶ್ನೆ ಇನ್ನೊಂದು. ಅಹಿಂಸಾ ಮಹಾವ್ರತಿಯ ಬಾಯಿಂದ ‘ಹೊಡೆ’ ಎಂಬ ಮಾತು ಬರಬಹುದೇ? ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ವಿರೋಧಿ, ಆರಂಭಿ, ಉದ್ಯೋಗಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕು. ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯಿಂದ ಅವನಿಗೆ ಪೂರ್ತಿ ಬಿಡುಗಡೆಯಿಲ್ಲ. ಮುನಿಗಳಿಗಾದರೋ ಈ ವಿನಾಯಿತಿಯೇ ಇಲ್ಲ. ಆದ್ದರಿಂದ ಈ ಕಥೆಯನ್ನು ಮುನಿಧರ್ಮದ ನಿದರ್ಶನವೆಂದು ತಿಳಿಯುವುದು ತಪ್ಪಾದೀತು. ಕ್ಷತ್ರಿಯ ವಂಶವೊಂದು ತನ್ನ ಖಡ್ಗಕ್ಕೆ ಗುರುವಿನ ಅನುಮತಿಯನ್ನು ಬಯಸಿದ್ದರ ಕುರುಹೆಂದು ತಿಳಿಯುವುದು ಯುಕ್ತ. ಮೇಲೆ ಬೀಳುವ ಹುಲಿಯನ್ನು ತಡೆಯುವುದು ಬೇರೆ, ಪರರ ತುರುವನ್ನು ಕವರುವುದು ಬೇರೆ. ಎರಡನೆಯದರಲ್ಲಿ ಸಂಕಲ್ಪಿ ಹಿಂಸೆಯೂ ಅದತ್ತಾದಾನವೂ ಒಟ್ಟಿಗೆ ಸೇರಿವೆ.

ಕೊಳ್ಳೆಯಿಂದ ಕೆರೆಗೆ

ಮಲೆಯ ನಾಯಕತ್ವವು ರಾಜ್ಯವಾದ ಬಗೆಯನ್ನು ಹಂತಹಂತವಾಗಿ ಗುರುತಿಸಬಹುದು. ಮೊದಲನೆಯದು ಆಶ್ರಯ. ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ, ದೊಡ್ಡ ರಾಜ್ಯದ ಕಂದಾಯ, ದಂಡು, ಶಾಸನಗಳ ರೀತಿಯನ್ನು ಕಲಿತರು. ಎರಡನೆಯದು ನೆಲೆ. ಸೊಸೆವೂರಿನಿಂದ ಬೇಲೂರು, ದೋರಸಮುದ್ರಗಳಿಗೆ ಇಳಿದು ಬಂದುದರಿಂದ ಬಯಲಿನ ಕೃಷಿ ಅವರ ಕೈಗೆ ಬಂತು. 11ನೆಯ ಶತಮಾನದಲ್ಲಿ ಆಳಿದ ವಿನಯಾದಿತ್ಯನು ಶಾಂತಿದೇವ ಮುನಿಗಳ ಶಿಷ್ಯ. ಅವನು ಕೆರೆಗಳನ್ನೂ ಬಸದಿಗಳನ್ನೂ ಕಟ್ಟಿಸಿದ ಪರಿಯನ್ನು ಶ್ರವಣಬೆಳಗೊಳದ ಶಾಸನವೊಂದು ವರ್ಣಿಸುತ್ತದೆ: ಇಟ್ಟಿಗೆಗಾಗಿ ತೋಡಿದ ಕುಳಿಗಳೇ ಕೆರೆಗಳಾದವಂತೆ, ಕಲ್ಲಿಗಾಗಿ ಒಡೆದ ಬೆಟ್ಟಗಳು ನೆಲಸಮವಾದವಂತೆ, ಗಾರೆಯ ಬಂಡಿಗಳು ಸಾಗಿದ ದಾರಿಗಳು ಕಂದರಗಳಾದವಂತೆ. ಕವಿಯ ಉತ್ಪ್ರೇಕ್ಷೆಯನ್ನು ಕಳೆದರೂ ಒಂದು ಸತ್ಯ ಉಳಿಯುತ್ತದೆ. ದನವನ್ನು ಕವರಿ ಬಾಳುವವನಿಗೆ ನೆರೆಯವನ ನಷ್ಟವೇ ಲಾಭ. ಕೆರೆ ಕಟ್ಟಿಸಿ ತೆರಿಗೆ ಪಡೆಯುವವನಿಗೆ ಪ್ರಜೆಯ ಲಾಭವೇ ಲಾಭ. ರಾಜ್ಯದ ನೀತಿ ಹುಟ್ಟುವುದು ಈ ತಿರುವಿನಲ್ಲಿ.

ಆದರೆ ಕುಲದ ಹಳೆಯ ಬಂಧಗಳು ಅಳಿಯಲಿಲ್ಲ, ರೂಪಾಂತರಗೊಂಡವು. ಒಡೆಯನೊಡನೆ ಸಾಯುವೆವೆಂದು ಪಣತೊಟ್ಟ ‘ಗರುಡ’ರು ಅದಕ್ಕೆ ಸಾಕ್ಷಿ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಕುವರ ಲಕ್ಷ್ಮನು ತನ್ನವರೊಡನೆ ಪ್ರಾಣತ್ಯಾಗ ಮಾಡಿದುದನ್ನು ಹಳೇಬೀಡಿನ ಗರುಡಗಂಬವು ಇಂದಿಗೂ ಹೇಳುತ್ತಿದೆ. ಅದೇ ನಾಡಿನಲ್ಲಿ, ಅದೇ ಶತಮಾನಗಳಲ್ಲಿ, ಚಂದ್ರಗಿರಿಯ ಮೇಲೆ ಸಲ್ಲೇಖನದ ನಿಸಿದಿಗಳೂ ನಿಂತವು. ಮೊದಲನೆಯದರ ಮೂಲ ಒಡೆಯನ ಮೇಲಿನ ರಾಗ. ಎರಡನೆಯದರ ಮೂಲ ರಾಗವನ್ನೇ ಕಳೆಯುವ ಸಾಧನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಶ್ರಾವಕರ ಪಾತ್ರ

ಈ ರಾಜ್ಯಕ್ಕೆ ಆಡಳಿತದ ಬೆನ್ನೆಲುಬಾದವರಲ್ಲಿ ಜೈನರು ಪ್ರಮುಖರು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದನು. ಮತ್ತೊಂದು ಜಯದ ನಂತರ, ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದುದು ಪರಮ ಎಂಬ ಗ್ರಾಮವನ್ನು. ಅದನ್ನು ತನ್ನ ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟನು. ಗೊಮ್ಮಟನ ಸುತ್ತಾಲಯವೂ ಅವನದೇ. 1133ರಲ್ಲಿ ಅವನ ಮಗ ಬೊಪ್ಪನು ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಪ್ರತಿಷ್ಠಾಪಿಸಿದನು. ಅಲ್ಲಿಯ ಶಾಸನವು ಗಂಗರಾಜನ ಮತದಂತೆ ನರಕಗಳು ಯಾವುವೆಂದು ಎಣಿಸುತ್ತದೆ. ಸುಳ್ಳು ನುಡಿಯುವುದು, ಪರಸ್ತ್ರೀಯರಲ್ಲಿ ಆಸಕ್ತಿ, ಮರೆಹೊಕ್ಕವರನ್ನು ಕೈಬಿಡುವುದು, ಬೇಡಿ ಬಂದವರನ್ನು ತಣಿಸದಿರುವುದು, ಒಡೆಯನಿಗೆ ದ್ರೋಹ ಇವುಗಳೊಂದಿಗೆ ಯುದ್ಧದಲ್ಲಿ ಅಂಜುವುದೂ ಅಲ್ಲಿ ಸೇರಿದೆ. ಕೊಲ್ಲುವುದು ನರಕವೆಂದು ಆ ಪಟ್ಟಿಯು ಹೇಳುವುದಿಲ್ಲ. ಸೇನಾನಿಯೊಬ್ಬನ ಧರ್ಮಸಂಕಟವನ್ನು ಆ ಮೌನವು ಎಲ್ಲ ಮಾತಿಗಿಂತ ಚೆನ್ನಾಗಿ ತಿಳಿಸುತ್ತದೆ. ದಾನದಿಂದ ಯುದ್ಧದ ಪಾಪವು ಚುಕ್ತಾ ಆಗುವುದೆಂದು ಯಾವ ಆಗಮವೂ ಹೇಳುವುದಿಲ್ಲ; ಜಮೆಯನ್ನು ತೋರಿಸಿ ಖರ್ಚನ್ನು ಅಳಿಸಲು ಕರ್ಮದ ಲೆಕ್ಕದಲ್ಲಿ ಬರುವುದಿಲ್ಲ.

ವರ್ತಕರ ಪಾತ್ರವೂ ಸಣ್ಣದಲ್ಲ. ರಾಜಶ್ರೇಷ್ಠಿಗಳಾದ ಪೊಯ್ಸಳಸೆಟ್ಟಿ, ನೇಮಿಸೆಟ್ಟಿಯರ ತಾಯಂದಿರಾದ ಮಾಚಿಕಬ್ಬೆ, ಶಾಂತಿಕಬ್ಬೆಯರು 1117ರಲ್ಲಿ ಚಂದ್ರಗಿರಿಯ ತೇರಿನ ಬಸದಿಯನ್ನು ಮಾಡಿಸಿದರು. ಒಂದನೆಯ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಭಂಡಾರಿ ಬಸದಿಯನ್ನು ಕಟ್ಟಿಸಿದನು. ಅರಸನು ಅದಕ್ಕೆ ಸವಣೇರು ಗ್ರಾಮವನ್ನು ದತ್ತಿ ಬಿಟ್ಟನು. ಪಟ್ಟಣಸ್ವಾಮಿ ನಾಗದೇವನು 1195ರಲ್ಲಿ ಕಟ್ಟಿಸಿದ ನಗರ ಜಿನಾಲಯದ ಹೊಣೆಯನ್ನು ಬೆಳಗೊಳದ ವರ್ತಕರೇ ಹೊತ್ತರು. ಊರು, ಎಲ್ಲೆ, ಕೊಟ್ಟವರು, ಪಡೆದವರು ಎಲ್ಲವೂ ಕಲ್ಲಿನ ಮೇಲೆ ಬರಹವಾಗಿ ಬಂದವು. ಇವರು ರಾಜ್ಯಕ್ಕೆ ಕೊಟ್ಟ ದೊಡ್ಡ ಕಾಣಿಕೆ ಹೊನ್ನಲ್ಲ. ಬಾಯಿಮಾತಿನ ಕುಲಸಮಾಜಕ್ಕೆ ಬರಹದ ನಂಬಿಕೆಯನ್ನು ಕಲಿಸಿದುದು.

ಉಳಿದುದು ಯಾವುದು?

ರಾಜ್ಯವು ಬೆಳೆಯುತ್ತ ಹೋದಂತೆ ಪರಿಗ್ರಹಕ್ಕೆ ಪರಿಮಾಣವಿಲ್ಲದಾಯಿತು. ಸೇವುಣರೊಡನೆಯೂ ತಮಿಳುನಾಡಿನ ಅರಸರೊಡನೆಯೂ ಕಾದಾಟ ನಿಲ್ಲಲಿಲ್ಲ. ಹೊಯ್ಸಳರೂ ಸೇವುಣರೂ ಯದುಕುಲದವರೆಂದೇ ಹೇಳಿಕೊಂಡವರೆಂಬುದು ವಿಪರ್ಯಾಸ. 1311ರಲ್ಲಿ ಮಲ್ಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಿತು. 1343ರ ಸುಮಾರಿಗೆ ಮುಮ್ಮಡಿ ಬಲ್ಲಾಳನು ಮಧುರೆಯ ಸುಲ್ತಾನರೊಡನೆ ಹೋರಾಡಿ ಮಡಿದನು. ತುರುಗೋಳಿನಿಂದ ಮೊದಲಾದ ಕಥೆಯು, ತುರುವಿನ ಬದಲಿಗೆ ರಾಜಧಾನಿಯೇ ಕೊಳ್ಳೆಹೋಗುವುದರೊಂದಿಗೆ ಕೊನೆಗೊಂಡಿತು.

ಗೆದ್ದ ನಾಡುಗಳಲ್ಲಿ ಒಂದೂ ಇಂದು ಹೊಯ್ಸಳರದಲ್ಲ. ಕಟ್ಟಿದುದು ಮಾತ್ರ ನಿಂತಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆಳಗೊಳದ ಬಸದಿಗಳಲ್ಲಿ ಪೂಜೆ ನಡೆಯುತ್ತಿದೆ. ನಮ್ಮ ಕ್ಷೇತ್ರಗಳ ಆಡಳಿತ ಮಂಡಳಿಗಳು ಇದರಿಂದ ಕಲಿಯಬೇಕಾದುದು ಇದೆ. ಎಂಟುನೂರು ವರ್ಷಗಳ ಹಿಂದಿನವರು ದತ್ತಿಯ ವಿವರವನ್ನು ಊರೆಲ್ಲ ಓದುವಂತೆ ಕಲ್ಲಿನಲ್ಲಿ ಕೆತ್ತಿಸಿದರು. ಇಂದಿನ ಲೆಕ್ಕಪತ್ರವು ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕೂರಬಾರದು. ಸಮಾಜವು ಒಗ್ಗಟ್ಟಿನಿಂದ ಮೇಲೇರುತ್ತದೆ, ಲೆಕ್ಕದಿಂದ ನಿಲ್ಲುತ್ತದೆ, ಮಿತಿಯಿಂದ ಬಾಳುತ್ತದೆ. ಮೊದಲನೆಯದನ್ನು ಮಲೆಪರು ತಾವಾಗಿಯೇ ಬಲ್ಲವರಾಗಿದ್ದರು. ಎರಡನೆಯದನ್ನು ಶ್ರಾವಕರು ಅವರಿಗೆ ಒದಗಿಸಿದರು. ಮೂರನೆಯದಾದ ಪರಿಗ್ರಹ ಪರಿಮಾಣವನ್ನು ಅರಸರು ಕಲಿಯಲಿಲ್ಲ. ಅದನ್ನು ಕಲಿಯುವ ಹೊಣೆ ಪ್ರತಿಯೊಂದು ಮನೆಯ ಮೇಲೆ ಉಳಿದಿದೆ.