ಮಸೆದ ಕತ್ತಿ, ಮಡಗಿದ ಕತ್ತಿ

ಮುಂದಿನ ಸಲ ಮದ್ದೂರಿನಲ್ಲಿ ಎಳನೀರು ಕುಡಿಯುವಾಗ ಕಾಯಿಯನ್ನು ಬಿಟ್ಟು, ಅದನ್ನು ಕೆತ್ತುವವರ ಕೈಯಲ್ಲಿರುವ ಮಚ್ಚನ್ನು ಸ್ವಲ್ಪ ನೋಡಿ. ಹಿಡಿಯ ಮರ ಬೆವರು ಕುಡಿದು ಕಪ್ಪಾಗಿರುತ್ತದೆ. ಅಲಗು ಹೊಸದರಲ್ಲಿ ಇದ್ದಷ್ಟು ಅಗಲ ಇರುವುದಿಲ್ಲ. ದಿನಕ್ಕೆ ನೂರಾರು ಕಾಯಿ ಕೆತ್ತಿ, ಮತ್ತೆ ಕಲ್ಲಿಗೆ ಉಜ್ಜಿ, ಏಟು ಬೀಳುವ ಜಾಗ ಸವೆದು ಒಳಕ್ಕೆ ಬಾಗಿರುತ್ತದೆ. ಇನ್ನು ಕೆಲವು ವರ್ಷಕ್ಕೆ ಅದು ಗುಜರಿಗೆ ಹೋಗುತ್ತದೆ, ಇಲ್ಲವೇ ಕುಲುಮೆಗೆ ಹೋಗಿ ಕುರ್ಪಿಯಾಗುತ್ತದೆ. ಅದರ ಫೋಟೋ ತೆಗೆದಿಡುವವರು ಯಾರೂ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಲೋಕವೂ ಇದೆ. ಹೊಸದಾಗಿ ಬಿಡುಗಡೆಯಾಗುವ ಚಾಕುಗಳಿಗಾಗಿ ತಿಂಗಳುಗಟ್ಟಲೆ ಕಾಯುವ ಹವ್ಯಾಸಿಗಳು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಫಿಲಿಪ್ಪೀನ್ಸ್ ದೇಶದ ಬಟಾಂಗಾಸ್ ಪ್ರಾಂತ್ಯದಲ್ಲಿ ಹೆಸರಾದ ಬಾಲಿಸಾಂಗ್ ಎಂಬ ಚಾಕುವನ್ನೇ ತೆಗೆದುಕೊಳ್ಳಿ. ಅದರ ಹಿಡಿ ಎರಡು ಹೋಳಾಗಿ ರೆಕ್ಕೆಯಂತೆ ಬಿಚ್ಚಿಕೊಳ್ಳುವುದರಿಂದ ಚಿಟ್ಟೆ ಚಾಕು ಎಂದೂ ಕರೆಯುತ್ತಾರೆ. ಹೊಸದೊಂದು ಕೈಗೆ ಬಂದ ದಿನ ಹವ್ಯಾಸಿಗೆ ಒಂದೇ ಚಿಂತೆ: ಬಳಸಲೋ, ಇಡಲೋ? ಬಳಸಿದರೆ ಗೀರು ಬೀಳುತ್ತದೆ, ಬೆಲೆ ಇಳಿಯುತ್ತದೆ. ಇಟ್ಟರೆ ಅದು ಚಾಕು ಎನ್ನುವುದಕ್ಕೇ ಅರ್ಥವಿಲ್ಲ. ಇದು ದುಡ್ಡಿದ್ದವರ ಚಿಂತೆ ಎಂದು ನೀವು ನಗಬಹುದು. ಆದರೆ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಸುತ್ತಿದರೆ, ನಮ್ಮ ಚರಿತ್ರೆಯಲ್ಲಿ ಏನು ಉಳಿದಿದೆ, ಏನು ಅಳಿದಿದೆ ಎಂಬುದು ಸ್ವಲ್ಪ ಬೇರೆಯಾಗಿ ಕಾಣಿಸುತ್ತದೆ.

ಮೊದಲು ಮದ್ದೂರು ತಾಲ್ಲೂಕಿನ ಆತಕೂರಿಗೆ ಹೋಗೋಣ. ಅಲ್ಲಿ ಸಿಕ್ಕಿದ ಹತ್ತನೆಯ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತ ಕಥೆ ಅದರಲ್ಲಿದೆ. ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲೆಂದು ಎಲ್ಲರೂ ಅದನ್ನು ಬಲ್ಲರು. ಆದರೆ ಅದೇ ಶಾಸನ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪಕ್ಷದ ಗಂಗ ಬೂತುಗ ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಚೋಳ ರಾಜಾದಿತ್ಯನನ್ನು ಕೊಂದ. ಕೊಂದದ್ದು ಬಿಲ್ಲಿನಿಂದಲ್ಲ, ಉದ್ದ ಖಡ್ಗದಿಂದಲೂ ಅಲ್ಲ. ಸುರಿಗೆಯಿಂದ, ಎಂದರೆ ಗಿಡ್ಡ ಚೂರಿಯಿಂದ. ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕೆಂದು ಬೂತುಗ ಕೇಳಿದಾಗ ಅವನು ಬೇಡಿದ್ದು ಆ ಕಾಳಿಯನ್ನು.

ದಕ್ಷಿಣ ಭಾರತದ ಚರಿತ್ರೆಯ ದಿಕ್ಕನ್ನೇ ಕೆಲಕಾಲ ತಿರುಗಿಸಿದ ಆ ಸುರಿಗೆ ಎಲ್ಲಿ ಹೋಯಿತು? ಕಲ್ಲಿನ ಮೇಲೆ ಅದರ ಹೆಸರು ಮಾತ್ರ ಉಳಿದಿದೆ. ನಾಯಿಗೆ ಕಲ್ಲಾದರೂ ಸಿಕ್ಕಿತು, ಪೂಜೆಯೂ ಸಿಕ್ಕಿತು.

ಇನ್ನು ಮಳವಳ್ಳಿ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೇನೆಯನ್ನು ಟಿಪ್ಪು ಸುಲ್ತಾನ್ ಎದುರಿಸಿದ್ದು ಈ ಊರಿನ ಬಳಿಯಲ್ಲೇ. ಮೈಸೂರಿನ ಕುದುರೆಸವಾರರು ಏರಿಬಂದರು, ಹಿಮ್ಮೆಟ್ಟಬೇಕಾಯಿತು. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಮುಂದಿನದು ಲೂಟಿಯ ಲೆಕ್ಕ. ಹುಲಿಮುಖದ ಸಿಂಹಾಸನವನ್ನು ಹಂಚಿಕೆಗೆಂದು ತುಂಡು ತುಂಡು ಮಾಡಿದರು. ಕತ್ತಿಗಳನ್ನು ಮಾತ್ರ ಹಾಗೆ ಮಾಡಲಿಲ್ಲ, ಇಡಿಯಾಗಿಯೇ ಒಯ್ದರು. ಟಿಪ್ಪುವಿನ ಖಾಸಗಿ ಕೋಣೆಯಲ್ಲಿ ಸಿಕ್ಕಿದ ಒಂದು ಖಡ್ಗವನ್ನು ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್‌ಗೆ ಕಾಣಿಕೆಯಾಗಿ ಕೊಟ್ಟರು. ಅದೇ ಖಡ್ಗ 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ನೀವು ಗಮನಿಸಬೇಕಾದದ್ದು ಇಲ್ಲಿದೆ. ಆ ಖಡ್ಗ ಇನ್ನೂರು ವರ್ಷ ಉಳಿದು ಬಂದದ್ದು ಅದು ಮಲಗುವ ಕೋಣೆಯಲ್ಲಿತ್ತು ಎಂಬುದರಿಂದ, ಆಮೇಲೆ ಯಾರೂ ಅದನ್ನು ಕೆಲಸಕ್ಕೆ ಹಚ್ಚಲಿಲ್ಲ ಎಂಬುದರಿಂದ. ಮಳವಳ್ಳಿಯ ಬಯಲಿನಲ್ಲಿ ಬಿದ್ದ ಸಾಮಾನ್ಯ ಸವಾರನ ಕತ್ತಿ ಏನಾಯಿತು? ಕಬ್ಬಿಣ ಅಂದು ಅಗ್ಗದ ವಸ್ತುವಾಗಿರಲಿಲ್ಲ. ಯಾರೋ ಎತ್ತಿಕೊಂಡು ಹೋಗಿರಬೇಕು, ಕಮ್ಮಾರ ಕಾಯಿಸಿ ಬಡಿದಿರಬೇಕು, ನಾಲ್ಕು ಕುಡುಗೋಲು ಆಗಿರಬೇಕು. ಇದು ನನ್ನ ಊಹೆ, ಆದರೆ ಹಳ್ಳಿಯ ಕುಲುಮೆಯನ್ನು ಕಂಡವರು ಇದನ್ನು ತೀರ ಅಸಂಭವ ಎನ್ನಲಾರರು.

ಕತ್ತಿಯ ಮಾತು ಬಂದಾಗ ಉಕ್ಕಿನ ಮಾತನ್ನು ಬಿಡುವಂತಿಲ್ಲ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಬರೆದಾಗ ಅದನ್ನು 'ವೂಟ್ಸ್' ಎಂದು ಕರೆದ. ನಮ್ಮ 'ಉಕ್ಕು' ಎಂಬ ಮಾತೇ ಬಾಯಿಂದ ಬಾಯಿಗೆ ತಿರುಚಿಕೊಂಡು ಹಾಗಾಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಆ ಉಕ್ಕಿನಿಂದ ಲೇಖನಿ ಕೊರೆಯುವ ಚಾಕು ಮಾಡಿ ನೋಡಿ ಮೆಚ್ಚಿದ. ಮುಂದೆ ಮೈಕೆಲ್ ಫ್ಯಾರಡೆಯೂ ಅವನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಲು ಹೊರಟ. ಇಂದು ಚಾಕು ಸಂಗ್ರಹಿಸುವವರು ಅಲಗಿನ ಮೇಲಿನ ನೀರಿನ ಅಲೆಯಂಥ ಗೆರೆಗಳಿಗೆ ಮರುಳಾಗುತ್ತಾರಲ್ಲ, ಆ ಮೋಹದ ಬೇರಿನಲ್ಲಿ ನಮ್ಮ ಕಡೆಯ ಮೂಸೆಯ ಉಕ್ಕೂ ಇದೆ.

ಆ ಉಕ್ಕು ಆಗುತ್ತಿದ್ದದ್ದು ಹೇಗೆ? ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುವ ಕ್ರಮವನ್ನು ಅವನು ಬರೆದಿಟ್ಟಿದ್ದಾನೆ. ಆ ಉಕ್ಕಿನ ಉಪಯೋಗವನ್ನೂ ಹೇಳುತ್ತಾನೆ: ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ. ಮದ್ದೂರಿಗೆ ನೆರೆಯ ಚನ್ನಪಟ್ಟಣ ಆಗ ಈ ತಂತಿಗೆ ಹೆಸರುವಾಸಿಯಾಗಿತ್ತು. ಒಂದೇ ಉಕ್ಕು, ಮೂರು ಹಣೆಬರಹ. ಕತ್ತಿ ಗಾಜಿನ ಪೆಟ್ಟಿಗೆ ಸೇರಿತು. ತಂತಿ ನುಡಿದು ನುಡಿದು ಕಡಿದುಹೋಯಿತು. ಉಳಿ ಕಲ್ಲಿಗೆ ಸವೆದುಹೋಯಿತು. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರ ಮಲ್ಲಿಕಾರ್ಜುನ ದೇವಾಲಯವಿದೆ. ಹೊಯ್ಸಳರ ಕಾಲದ ಆ ಸೂಕ್ಷ್ಮ ಕೆತ್ತನೆಯ ಎದುರು ನಿಂತಾಗ, ಇದಕ್ಕೆ ಎಷ್ಟು ಉಳಿಗಳು ಸವೆದಿರಬಹುದೆಂದು ಒಮ್ಮೆಯಾದರೂ ಯೋಚಿಸಿ. ಅವುಗಳಲ್ಲಿ ಒಂದಾದರೂ ಈಗ ನೋಡಲು ಸಿಕ್ಕೀತೆ?

ಬೆಲೆಯ ವಿಷಯದಲ್ಲೂ ಹಿಂದಿನವರ ಲೆಕ್ಕ ಬೇರೆಯೇ ಇತ್ತು. ಹಳ್ಳಿಯ ಕಮ್ಮಾರ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬ. ಅವನು ಕುಡುಗೋಲಿಗೆ ಇಷ್ಟು, ಗುಳಕ್ಕೆ ಇಷ್ಟು ಎಂದು ಬಿಡಿ ಬೆಲೆ ಕಟ್ಟುತ್ತಿರಲಿಲ್ಲ. ವರ್ಷವಿಡೀ ಒಕ್ಕಲ ಉಪಕರಣಗಳನ್ನು ಮಾಡಿಕೊಡುವುದು, ಹರಿತ ಹೋದಾಗ ಮತ್ತೆ ಕಾಯಿಸಿ ಹದ ಹಾಕಿಕೊಡುವುದು ಅವನ ಹೊಣೆ. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. ಎಂದರೆ ಕೊಡುತ್ತಿದ್ದದ್ದು ಕುಡುಗೋಲಿನ ಬೆಲೆಯಲ್ಲ, ಅದು ಕೊಯ್ದದ್ದರಲ್ಲಿ ಒಂದು ಪಾಲು. ಈ ವ್ಯವಸ್ಥೆಯನ್ನು ಹೊಗಳಿ ಹಾಡಬೇಕಾಗಿಲ್ಲ. ಹುಟ್ಟಿದ ಜಾತಿಗೆ ಕಸುಬನ್ನು ಕಟ್ಟಿಹಾಕಿದ ಏರ್ಪಾಡು ಅದು, ಮಳೆ ಕೈಕೊಟ್ಟ ವರ್ಷ ಕಮ್ಮಾರನ ಮನೆಯ ಒಲೆಯೂ ತಣ್ಣಗಾಗುತ್ತಿತ್ತು. ಆದರೂ ಕೆಲಸ ಮಾಡದ ಕುಡುಗೋಲಿಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ ಎಂಬುದು ಯೋಚಿಸತಕ್ಕ ಮಾತು.

ಕನ್ನಂಬಾಡಿಯ ನೀರು ಬಂದಮೇಲೆ ಇಲ್ಲಿನ ಅಲಗಿನ ಕೆಲಸವೇ ಬದಲಾಯಿತು. ಮೊದಲು ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ದುಡಿಮೆ ಇತ್ತು. ರಾಗಿ ಕೊಯ್ಯುತ್ತಿದ್ದ ಕೈಗೆ ಕಬ್ಬು ಕಡಿಯುವ ಮಚ್ಚು ಬಂತು. ಕಬ್ಬು ಕಡಿಯುವುದು ಬರೀ ತೋಳ್ಬಲದ ಕೆಲಸವೆಂದು ತಿಳಿಯಬೇಡಿ. ಬುಡದಲ್ಲೇ ಸಿಹಿ ಹೆಚ್ಚು, ಆದ್ದರಿಂದ ನೆಲಕ್ಕೆ ತಾಗಿದಂತೆ ಕಡಿಯಬೇಕು. ಮೇಲೆ ಕಡಿದರೆ ಸಕ್ಕರೆ ಹೊಲದಲ್ಲೇ ಉಳಿಯುತ್ತದೆ, ಕೂಳೆ ಬೆಳೆಯೂ ಸೊರಗುತ್ತದೆ. ಮೊಂಡು ಮಚ್ಚು ಬುಡವನ್ನು ಸೀಳುತ್ತದೆ, ಹರಿತವಾದದ್ದು ಒಂದೇ ಏಟಿಗೆ ತುಂಡರಿಸುತ್ತದೆ. ಹೀಗೆ ಮುಂದಿನ ವರ್ಷದ ಬೆಳೆ ಈ ವರ್ಷದ ಮಚ್ಚಿನ ಬಾಯಿಯಲ್ಲಿರುತ್ತದೆ. ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಬಡಿದು ಮಾಡಿದ ಮಚ್ಚನ್ನು ರೈತರು ಮೆಚ್ಚುವುದೂ ಇದಕ್ಕೇ. ಅದರ ಉಕ್ಕು ಬಾಗುವುದಿಲ್ಲ, ಬೇಗ ಮೊಂಡಾಗುವುದೂ ಇಲ್ಲ.

ಸಿನಿಮಾದವರು ಮಚ್ಚಿಗೆ ಕೆಟ್ಟ ಹೆಸರು ತಂದಿದ್ದಾರೆ. ಕಾನೂನು ಮಾತ್ರ ಅದರ ಮಾನ ಕಾಪಾಡಿದೆ ಎನ್ನಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ. ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ, ವಿಜ್ಞಾನಕ್ಕೆ, ಕೈಗಾರಿಕೆಗೆ ಎಂದು ಮಾಡಿದ್ದನ್ನು ಹೊರಗಿಟ್ಟಿದ್ದಾರೆ. ಬರೀ ಅಳತೆ ಹಿಡಿದರೆ ಎಳನೀರಿನ ಮಚ್ಚೂ ಸಿಕ್ಕಿಬೀಳಬೇಕಿತ್ತು. ಏತಕ್ಕಾಗಿ ಮಾಡಿದ್ದು ಎಂದು ಕೇಳಿದ್ದರಿಂದ ಅದು ಉಳಿಯಿತು.

ಹಾಗಾದರೆ ಸಂಗ್ರಹಿಸುವುದೇ ತಪ್ಪೇ? ನಾನು ಹಾಗೆನ್ನಲಾರೆ. ಯಾರೋ ಕಾದಿಡದೆ ಇದ್ದಿದ್ದರೆ ಟಿಪ್ಪುವಿನ ಕಾಲದ ಕಮ್ಮಾರನ ಕೈಚಳಕವನ್ನು ನಾವು ಕಣ್ಣಾರೆ ಕಾಣುತ್ತಿರಲಿಲ್ಲ. ನನ್ನ ದೂರು ಬೇರೆ. ಅರಸರ ಕತ್ತಿಯನ್ನು ಕಾದಿಟ್ಟ ನಾವು, ಊರಿಗೆ ಅನ್ನ ಹಾಕಿದ ಕುಡುಗೋಲನ್ನು ಒಂದನ್ನಾದರೂ ಅದು ಮಾಡಿದವರ, ಹಿಡಿದವರ ಹೆಸರು ಬರೆದು ತೆಗೆದಿಟ್ಟಿದ್ದೇವೆಯೇ? ಭತ್ತ ಕೊಯ್ಯಲು ಈಗ ಯಂತ್ರ ಗದ್ದೆಗಿಳಿದಿದೆ. ಕುಲುಮೆಗಳು ಒಂದೊಂದಾಗಿ ಆರುತ್ತಿವೆ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜಿಯ ಕುಡುಗೋಲೋ, ಈಳಿಗೆಮಣೆಯೋ ಇದ್ದರೆ ಗುಜರಿಗೆ ಹಾಕುವ ಮೊದಲು ಅದರ ಸವೆತವನ್ನು ನೋಡಿ. ಯಾವ ಕಡೆ ಹೆಚ್ಚು ಸವೆದಿದೆ, ಹಿಡಿ ಯಾವ ಮರದ್ದು, ಯಾವ ಊರಿನ ಕುಲುಮೆಯದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.

ಸಂಗ್ರಹವೂ ಬಳಕೆಯೂ ಎದುರಾಗುವ ದಿನವೊಂದು ನಮ್ಮಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮೈಸೂರಿಗೆ ಹೋಗಿ ವೈಭವ ಪಡೆಯಿತು. ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ. ಅದೇ ಆಯುಧಪೂಜೆಯ ದಿನ ಮಂಡ್ಯದ ರೈತನ ಮನೆಯಲ್ಲಿ ಮಚ್ಚು, ಕುಡುಗೋಲು, ಗುದ್ದಲಿಗಳು ತೊಳೆಸಿಕೊಂಡು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಸಾಲಾಗಿ ಗೋಡೆಗೆ ಒರಗಿ ಕೂರುತ್ತವೆ. ಆ ದಿನ ಅವುಗಳಿಗೆ ಬಿಡುವು, ಯಾರೂ ಮುಟ್ಟಬಾರದು. ಮಂಗಳಾರತಿಯಾದ ಮೇಲೆ ಬೂದುಗುಂಬಳಕಾಯಿ ಹೊಡೆಯಬೇಕಲ್ಲ. ಆಗ ಆ ಸಾಲಿನಿಂದಲೇ, ಕುಂಕುಮ ಒಣಗುವ ಮೊದಲೇ, ಒಂದು ಮಚ್ಚನ್ನು ಎತ್ತಿಕೊಳ್ಳುತ್ತಾರೆ.