ಶುಶ್ರೂಷೆಗೆ ಪದವಿಯ ಮುದ್ರೆ

ಐದು ವರ್ಷದ ಹಿಂದೆ, ಪರೀಕ್ಷೆಗಳ ಫಲಿತಾಂಶ ಬಂದು ಊರ ಗೋಡೆಗಳ ಮೇಲೆಲ್ಲ ಕಾಲೇಜುಗಳ ಜಾಹೀರಾತು ಹತ್ತಿದ್ದ ಸಮಯದಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಳು. ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ತಾಲ್ಲೂಕು ಕೇಂದ್ರದಲ್ಲಿ ಕಲಾ ವಿಭಾಗದ ಪಿ.ಯು.ಸಿ. ಮುಗಿಸಿದ್ದ ಹುಡುಗಿ. ತಂದೆ ಮಂಡಿಯಲ್ಲಿ ಹಮಾಲಿ. "ಸಾರ್, ನರ್ಸಿಂಗ್ ಡಿಪ್ಲೊಮಾ ಸೇರಲೋ ಬೇಡವೋ? ಮುಂದೆ ನರ್ಸಿಗೂ ಡಿಗ್ರಿ ಬೇಕೇ ಬೇಕಂತೆ, ಡಿಪ್ಲೊಮಾದವರನ್ನು ಯಾರೂ ಕೇಳುವುದಿಲ್ಲವಂತೆ" ಎಂದಳು. ಡಿಗ್ರಿಗೆ, ಎಂದರೆ ಬಿ.ಎಸ್ಸಿ. ನರ್ಸಿಂಗಿಗೆ, ಆಕೆ ಅರ್ಜಿ ಹಾಕುವ ಹಾಗೆಯೇ ಇರಲಿಲ್ಲ. ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಾನು ಕನ್ನಡ ಪಂಡಿತ. ಆಸ್ಪತ್ರೆಯ ಸಂಗತಿ ನನಗೇನು ತಿಳಿದೀತು? "ಸೇರು ತಾಯಿ, ಕಲಿತ ವಿದ್ಯೆ ಎಲ್ಲಿಗೂ ಹೋಗುವುದಿಲ್ಲ" ಎಂದು ಹೇಳಿ ಕಳುಹಿಸಿದೆ. ಕಳುಹಿಸಿದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಹೇಳಿದ್ದು ಸರಿಯೇ ಎಂದು ನೋಡಲು ಕೈಗೆ ಸಿಕ್ಕ ಗ್ರಂಥಗಳನ್ನೂ ವರದಿಗಳನ್ನೂ ಓದಿದೆ. ಓದಿ ತಿಳಿದದ್ದನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಮಾತಿನಿಂದಲೇ ಹೊರಡೋಣ. ಇದು ನನ್ನ ವೃತ್ತಿದೋಷವೆಂದು ವಾಚಕರು ಮನ್ನಿಸಬೇಕು. ದಾದಿ ಎಂಬುದು ಧಾತ್ರೀ ಶಬ್ದದ ತದ್ಭವ. ಮಗುವಿಗೆ ಹಾಲೂಡಿಸಿ ಸಾಕುವವಳು ಎಂದರ್ಥ. ಶುಶ್ರೂಷೆಯ ಕಥೆ ಬೇರೆ. 'ಶ್ರು' ಎಂದರೆ ಕೇಳು. ಆ ಧಾತುವಿಗೆ ಇಚ್ಛಾರ್ಥದ ಪ್ರತ್ಯಯ ಸೇರಿದರೆ ಶುಶ್ರೂಷೆ, ಎಂದರೆ ಕೇಳಬೇಕೆಂಬ ಬಯಕೆ. (ಈ ಲೆಕ್ಕದಲ್ಲಿ ಆಕಾಶವಾಣಿಯ ಕೇಳುಗರೆಲ್ಲರೂ ಶುಶ್ರೂಷುಗಳೇ.) ಗುರುವಿನ ಬಾಯಿಂದ ವಿದ್ಯೆಯನ್ನು ಕೇಳಬೇಕೆಂದಿದ್ದವನು ಗುರುವಿನ ಮನೆಗೆ ಸೌದೆ ತರುತ್ತಿದ್ದ, ನೀರು ಹೊರುತ್ತಿದ್ದ, ದನ ಕಾಯುತ್ತಿದ್ದ. ಹೀಗೆ ಕೇಳುವ ಆಸೆಯೆಂಬ ಅರ್ಥದಿಂದ ಸೇವೆಯೆಂಬ ಅರ್ಥ ಬೆಳೆಯಿತು. ಕಲಿಯುವುದಕ್ಕೂ ದುಡಿಯುವುದಕ್ಕೂ ಒಂದೇ ಮಾತು. ಕಲಿಕೆಗೆ ದುಡಿಮೆಯೇ ಶುಲ್ಕ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಕೆಲಸವಿದೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಒಂಬತ್ತನೆಯ ಅಧ್ಯಾಯದಲ್ಲಿ, ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣ. ವೈದ್ಯನಿಗೆ ಶಾಸ್ತ್ರದಲ್ಲಿ ತಿಳಿಯಾದ ಅರಿವು, ಹಲವು ಸಲ ಕಣ್ಣಾರೆ ಕಂಡ ಅನುಭವ, ದಕ್ಷತೆ, ಶುಚಿ. ಪರಿಚಾರಕನಿಗೆ ಉಪಚಾರದ ತಿಳಿವು, ದಕ್ಷತೆ, ತಾನು ನೋಡಿಕೊಳ್ಳುವ ಒಡೆಯನಲ್ಲಿ ಅನುರಾಗ, ಶುಚಿ. ದಕ್ಷತೆ, ಶುಚಿ ಇಬ್ಬರಿಗೂ ಸಮಾನ. ಉಳಿದುದನ್ನು ನೋಡಿ: ಒಬ್ಬನಿಗೆ ಶಾಸ್ತ್ರ, ಇನ್ನೊಬ್ಬನಿಗೆ ಅಕ್ಕರೆ. ಹದಿನೈದನೆಯ ಅಧ್ಯಾಯದಲ್ಲಿ ಪರಿಚಾರಕರ ಕೆಲಸಗಳೂ ಬರುತ್ತವೆ: ತೊವ್ವೆ ಅನ್ನ ಬೇಯಿಸುವುದು, ಮೀಯಿಸುವುದು, ಮೈ ಒತ್ತುವುದು, ರೋಗಿಯನ್ನು ಎಬ್ಬಿಸಿ ಮಲಗಿಸುವುದು, ಔಷಧ ಅರೆಯುವುದು. ಚಿಕಿತ್ಸೆಯ ಕಾಲುಭಾಗವೆಂದು ಗೌರವ ಕೊಟ್ಟ ಗ್ರಂಥವೇ ಶಾಸ್ತ್ರಜ್ಞಾನವನ್ನು ಆಕೆಯ ಪಾಲಿಗೆ ಹಾಕಲಿಲ್ಲ. ಪದವಿ ಬೇಕೆ ಬೇಡವೆ ಎಂಬ ಈಗಿನ ಜಗಳದ ಬೇರು ಅಷ್ಟು ಹಳೆಯದು.

ಆಧುನಿಕ ಕಾಲದ ಕಥೆ 1860ರಲ್ಲಿ ಆರಂಭವಾಗುತ್ತದೆ. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ ಇಂಗ್ಲೆಂಡಿನ ಜನ ಕೂಡಿಸಿಕೊಟ್ಟ ನಿಧಿಯಿಂದ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸುಗಳ ಶಾಲೆ ತೆರೆಯಿತು. ಒಂದು ವರ್ಷದ ಶಿಕ್ಷಣ. ಊಟ, ವಸತಿ, ಬಟ್ಟೆ ಒಗೆಯುವ ಖರ್ಚು ಶಾಲೆಯದು; ಕೈಗೆ ಹತ್ತು ಪೌಂಡು. ಪ್ರತಿಯಾಗಿ ಹುಡುಗಿ ವಾರ್ಡಿನಲ್ಲಿ ದುಡಿಯಬೇಕು, ಮುಗಿದ ಮೇಲೆ ಹೇಳಿದ ಆಸ್ಪತ್ರೆಗೆ ಹೋಗಬೇಕು. ನಮ್ಮ ಗುರುಕುಲದ ಶುಶ್ರೂಷೆಯೇ ಸರಿ. ಬಡವರ ಮಗಳಿಗೂ ಬಾಗಿಲು ತೆರೆದದ್ದು ಈ ಏರ್ಪಾಡಿನಿಂದ.

ಆ ಶಾಲೆಯ ಕೀರ್ತಿ ಹರಡಿದಂತೆ ಇನ್ನೊಂದು ಪ್ರಶ್ನೆ ಎದ್ದಿತು: ನಿಜವಾಗಿ ಕಲಿತವಳು ಯಾರು, ಸುಮ್ಮನೆ ಬಿಳಿಯ ಟೊಪ್ಪಿ ಹಾಕಿದವಳು ಯಾರು ಎಂದು ರೋಗಿಗೆ ತಿಳಿಯುವುದು ಹೇಗೆ? 1887ರಲ್ಲಿ ಎಥೆಲ್ ಫೆನ್ವಿಕ್ ಎಂಬ ನರ್ಸ್ ಒಂದು ಸಂಘವನ್ನು ಕಟ್ಟಿ, ಮೂರು ವರ್ಷದ ಶಿಕ್ಷಣ, ಪರೀಕ್ಷೆ, ಸರ್ಕಾರದ ದಾಖಲೆ ಪುಸ್ತಕ ಇವು ಬೇಕೆಂದು ಹೋರಾಟಕ್ಕೆ ನಿಂತರು. ಅದನ್ನು ಬಲವಾಗಿ ವಿರೋಧಿಸಿದವರು ಯಾರೆಂದುಕೊಂಡಿರಿ? ನೈಟಿಂಗೇಲ್ ಅವರೇ! ಪರೀಕ್ಷೆಯಿಂದ ಪುಸ್ತಕದ ತಿಳಿವನ್ನು ಅಳೆಯಬಹುದು, ನರ್ಸಿನ ಗುಣವನ್ನು ಅಳೆಯಲಾಗದು ಎಂಬುದು ಅವರ ನಿಲುವು. ಚರಕನ 'ಅನುರಾಗ'ದ ಪಕ್ಷ ಅವರದು. ಮೂವತ್ತೆರಡು ವರ್ಷ ಜಗಳ ನಡೆದು, ಅವರು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ, 1919ರಲ್ಲಿ ಬ್ರಿಟನ್ನಿನಲ್ಲಿ ನರ್ಸುಗಳ ನೋಂದಣಿ ಕಾಯಿದೆ ಬಂತು. ದಾಖಲೆಯಲ್ಲಿ ಮೊದಲನೆಯ ಹೆಸರು ಫೆನ್ವಿಕ್ ಅವರದೇ. ನ್ಯೂಜಿಲೆಂಡ್ ಅಷ್ಟು ಹೊತ್ತಿಗೆ, 1901ರಲ್ಲೇ, ಈ ಕೆಲಸ ಮುಗಿಸಿತ್ತು. ಪರೀಕ್ಷೆ ಬಂದರೆ ಅಕ್ಕರೆ ಹೋದೀತೆಂಬ ನೈಟಿಂಗೇಲ್ ಅವರ ಭಯ ನಿಜವಾಗಲಿಲ್ಲವೆಂದು ನನಗನ್ನಿಸುತ್ತದೆ. ಮಹನೀಯರೂ ಒಂದೊಂದು ಸಲ ತಪ್ಪುತ್ತಾರೆ.

ಪದವಿಯ ಮಾತು ಹುಟ್ಟಿದ್ದು ಅಮೆರಿಕಾದಲ್ಲಿ. ಅಲ್ಲಿ ನೈಟಿಂಗೇಲ್ ಮಾದರಿಯ ಶಾಲೆಗಳು 1873ರಲ್ಲಿ ಆರಂಭವಾಗಿ ಅಣಬೆಗಳಂತೆ ಹೆಚ್ಚಿದವು, ಕಾರಣ ವಿದ್ಯಾಪ್ರೇಮವಲ್ಲ. ಶಾಲೆಯೊಂದನ್ನು ತೆರೆದರೆ ಆಸ್ಪತ್ರೆಗೆ ಅಗ್ಗದ ಕೈಯಾಳುಗಳು ಸಿಗುತ್ತಿದ್ದರು. ಗುರು ಪಾಠವನ್ನೇ ಹೇಳದೆ ಸೌದೆ ಮಾತ್ರ ಹೊರಿಸಿದರೆ ಹೇಗೋ ಹಾಗಾಯಿತು. 1923ರಲ್ಲಿ ಬಂದ ಗೋಲ್ಡ್‌ಮಾರ್ಕ್ ವರದಿ ಈ ರೋಗವನ್ನು ಬಯಲಿಗೆಳೆದು, ಶಿಕ್ಷಣವನ್ನು ಆಸ್ಪತ್ರೆಯ ಅಗತ್ಯಕ್ಕೆ ಕಟ್ಟಿಹಾಕಬಾರದೆಂದಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. 1965ರಲ್ಲಿ ಅಮೆರಿಕಾದ ನರ್ಸುಗಳ ಸಂಘ ವೃತ್ತಿಪರ ನರ್ಸಿಗೆ ಕನಿಷ್ಠ ಅರ್ಹತೆ ಬ್ಯಾಚುಲರ್ ಪದವಿ ಎಂದು ಘೋಷಿಸಿತು.

ಘೋಷಣೆಯನ್ನು ನಿಯಮವಾಗಿಸುವ ಧೈರ್ಯ ಮಾಡಿದ್ದು ನಾರ್ತ್ ಡಕೋಟಾ ಎಂಬ ಸಂಸ್ಥಾನ. ಗೋಧಿಯ ಹೊಲಗಳ, ವಿರಳವಾದ ಊರುಗಳ ಸೀಮೆ. 1987ರಿಂದ ಅಲ್ಲಿ ಹೊಸದಾಗಿ ನರ್ಸಾಗುವವರಿಗೆ ಪದವಿ ಕಡ್ಡಾಯವಾಯಿತು. ಬೇರೆ ಸಂಸ್ಥಾನಗಳು ಹಿಂದೆಯೇ ಬರಲಿಲ್ಲ. ನರ್ಸುಗಳು ಸಾಲದೆಂಬ ಕೂಗು ಆಸ್ಪತ್ರೆಗಳಿಂದಲೂ ವೃದ್ಧಾಶ್ರಮಗಳಿಂದಲೂ ಎದ್ದು, 2003ರಲ್ಲಿ ಶಾಸನಸಭೆ ಆ ನಿಯಮವನ್ನು ತೆಗೆದುಹಾಕಿತು. ಹದಿನಾರು ವರ್ಷದ ಪ್ರಯೋಗ ಹಾಗೆ ಮುಗಿಯಿತು. ಈ ಅನುಭವದ ಬಳಿಕ 2017ರಲ್ಲಿ ನ್ಯೂಯಾರ್ಕ್ ಸಂಸ್ಥಾನ ಜಾಣತನದ ಬೇರೊಂದು ದಾರಿ ಹಿಡಿಯಿತು. ಕೆಳಗಿನ ಶಿಕ್ಷಣದಿಂದಲೇ ಕೆಲಸಕ್ಕೆ ಸೇರಬಹುದು. ಹತ್ತು ವರ್ಷದೊಳಗೆ ಪದವಿ ಪಡೆಯಬೇಕು.

ವಿಚಿತ್ರವೆಂದರೆ, ನಾರ್ತ್ ಡಕೋಟಾ ನಿಯಮವನ್ನು ಬಿಟ್ಟ ಅದೇ 2003ರಲ್ಲಿ ಪದವಿಯ ಪಕ್ಷಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ಲಿಂಡಾ ಏಕೆನ್ ಎಂಬ ವಿದ್ವಾಂಸೆ ಮತ್ತು ಅವರ ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ಲೆಕ್ಕ ಹಾಕಿದರು. ಪದವೀಧರ ನರ್ಸುಗಳ ಪ್ರಮಾಣ ಹೆಚ್ಚಿದ್ದ ಕಡೆ ಸಾವಿನ ಸಂಭವ ಕಡಿಮೆಯಿತ್ತು. 2014ರಲ್ಲಿ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ, ನಾಲ್ಕು ಲಕ್ಷಕ್ಕೂ ಮೀರಿದ ರೋಗಿಗಳ ದಾಖಲೆಯಿಂದ, ಇದೇ ಲೆಕ್ಕ ಮತ್ತೆ ನಡೆಯಿತು. ಪದವೀಧರರ ಪ್ರಮಾಣ ನೂರಕ್ಕೆ ಹತ್ತರಷ್ಟು ಹೆಚ್ಚಿದ್ದಲ್ಲಿ ಸಾವಿನ ಸಂಭವ ಶೇಕಡಾ 7ರಷ್ಟು ಕಡಿಮೆ. ಪದವಿಯ ಪಕ್ಷದವರು ಈ ಏಳನ್ನು ಎಲ್ಲೆಡೆ ಸಾರುತ್ತಾರೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಏಳು ಇದೆ: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಶೇಕಡಾ 7ರಷ್ಟು ಹೆಚ್ಚು. ಇದನ್ನು ಸಾರುವವರು ವಿರಳ. ಹೆಚ್ಚು ನರ್ಸುಗಳನ್ನು ನೇಮಿಸುವ ಖರ್ಚು ಆಸ್ಪತ್ರೆಯದು, ಪದವಿಯ ಖರ್ಚು ಹುಡುಗಿಯ ತಂದೆಯದು. ಕಾರಣ ಇದೇ ಇರಬೇಕೆಂದು ನನ್ನ ಗುಮಾನಿ.

ಈ ಗುಮಾನಿಗೆ ಇಂಗ್ಲೆಂಡಿನ ಇತ್ತೀಚಿನ ಚರಿತ್ರೆಯೇ ಇಂಬು ಕೊಡುತ್ತದೆ. 2013ರಿಂದ ಅಲ್ಲಿ ಹೊಸ ನರ್ಸುಗಳೆಲ್ಲರೂ ಪದವಿಯ ದಾರಿಯಲ್ಲೇ ಬರಬೇಕಾಯಿತು. ಆಗ ಶುಲ್ಕವನ್ನು ಸರ್ಕಾರ ಕೊಡುತ್ತಿತ್ತು, ವಿದ್ಯಾರ್ಥಿವೇತನವೂ ಇತ್ತು, ಗದ್ದಲವಾಗಲಿಲ್ಲ. 2017ರಲ್ಲಿ ಅದನ್ನು ನಿಲ್ಲಿಸಿ, ಸಾಲ ಮಾಡಿ ಓದಿಕೊಳ್ಳಿ ಎಂದಿತು ಸರ್ಕಾರ. ಆ ವರ್ಷವೇ ಅರ್ಜಿ ಹಾಕುವವರು ಹೆಚ್ಚುಕಡಮೆ ಕಾಲುಭಾಗದಷ್ಟು ಇಳಿದರು. 2020ರಲ್ಲಿ ವರ್ಷಕ್ಕೆ 5,000 ಪೌಂಡುಗಳ ಸಹಾಯಧನವನ್ನು ಮತ್ತೆ ತರಬೇಕಾಯಿತು. ಈ ನಡುವೆ, ಆಸ್ಪತ್ರೆಯಲ್ಲಿ ಸಂಬಳ ಪಡೆದು ದುಡಿಯುತ್ತಲೇ ಪದವಿ ಓದುವ ದಾರಿಯನ್ನೂ ತೆರೆದರು. ಕಲಿಕೆಗೆ ದುಡಿಮೆಯೇ ಶುಲ್ಕ! ಈ ಸಲ ದುಡಿಮೆಗೆ ಸಂಬಳವೂ ಉಂಟು, ಕೊನೆಗೆ ವಿಶ್ವವಿದ್ಯಾನಿಲಯದ ಪದವಿಯೂ ಉಂಟು.

ಇನ್ನು ನಮ್ಮ ದೇಶ. ಸ್ವಾತಂತ್ರ್ಯ ಬರುವ ಮುನ್ನ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ಕೊಟ್ಟ ವರದಿಯಲ್ಲಿ ಒಂದು ಅಂಕಿ ಇದೆ: ಇಡೀ ಭಾರತದಲ್ಲಿ ಸುಮಾರು 7,000 ನರ್ಸುಗಳು, ಎಂದರೆ 43,000 ಜನಕ್ಕೆ ಒಬ್ಬರು. ನಮ್ಮ ಒಂದು ದೊಡ್ಡ ಪೇಟೆಗೆಲ್ಲ ಸೇರಿ ಒಬ್ಬಳೇ ನರ್ಸ್ ಎಂದು ಊಹಿಸಿಕೊಳ್ಳಿ. ಇಂಥ ಬರದಲ್ಲಿಯೂ ಸಮಿತಿ ಪದವಿಯ ಮಾತನ್ನು ಬಿಡಲಿಲ್ಲ. ಕಿರಿಯ, ಹಿರಿಯ ಎಂದು ಎರಡು ದರ್ಜೆಯ ನರ್ಸುಗಳು ಇರಲಿ, ಅವರ ಮೇಲೆ ವಿಶ್ವವಿದ್ಯಾನಿಲಯದ ಪದವಿಯೂ ಇರಲಿ ಎಂದು ಸಲಹೆ ಮಾಡಿತು. ಅದೇ 1946ರಲ್ಲಿ ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಪದವಿ ಶಿಕ್ಷಣ ಆರಂಭವಾಯಿತು. ದೆಹಲಿಯ ಕಾಲೇಜಿಗೆ ಈಗ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರು. ವೆಲ್ಲೂರಿನ ಪರಿಚಯವನ್ನು ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ರಾಯವೇಲೂರಿಗೆ ಬಸ್ಸು ಹತ್ತುವುದು ಅಲ್ಲಿನ ವಾಡಿಕೆ. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬಂತು. ನಮ್ಮ ರಾಜ್ಯದ ಕಾಯಿದೆ 1961ರದು. 2023ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗದ ಹೊಸ ಕಾಯಿದೆಯನ್ನು ಅಂಗೀಕರಿಸಿ 1947ರ ಕಾಯಿದೆಯ ಸ್ಥಾನದಲ್ಲಿ ಇರಿಸಿತು.

ಇಷ್ಟೆಲ್ಲ ಆದರೂ ನಮ್ಮಲ್ಲಿ ಒಂದು ಬಾಗಿಲಲ್ಲ, ಹಲವು ಬಾಗಿಲುಗಳಿವೆ: ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಎಂಬ ಡಿಪ್ಲೊಮಾ ಮೂರು ವರ್ಷ, ಬಿ.ಎಸ್ಸಿ. ನಾಲ್ಕು ವರ್ಷ. ಡಿಪ್ಲೊಮಾಕ್ಕೆ ಕಲಾ ವಿಭಾಗದವರೂ ಸೇರಬಹುದು. ಮುಗಿಸಿದವರು ಮತ್ತೆರಡು ವರ್ಷ ಓದಿದರೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಆಗುತ್ತದೆ. ನ್ಯೂಯಾರ್ಕಿನವರು 2017ರಲ್ಲಿ ಕಂಡುಕೊಂಡ ಮೆಟ್ಟಲು ನಮ್ಮ ಮನೆಯಲ್ಲಿ ಅದಕ್ಕೆ ಮೊದಲೇ ಇತ್ತು. ಅದನ್ನು ಗುಡಿಸಿ ಒಪ್ಪವಾಗಿಡುವವರು ಮಾತ್ರ ಇರಲಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಕೇರಳದ ಮಕ್ಕಳು ರೈಲು ತುಂಬ ಬಂದು ಇಲ್ಲಿ ಓದುತ್ತಾರೆ. ಬರವಿರುವುದು ಶುಲ್ಕ ತೆರಲಾರದ ನಮ್ಮ ಹಳ್ಳಿಯ ಹುಡುಗಿಗೆ ಸಲ್ಲುವ ಸೀಟಿಗೆ. ಓದಿ ಹೊರಬಂದ ಮೇಲೆ ಸಂಬಳದ ಮಾತು. ಖಾಸಗಿ ಆಸ್ಪತ್ರೆಗಳಲ್ಲಿ ಕೊಡುವುದು ಎಷ್ಟು ಕಡಿಮೆಯೆಂದರೆ, ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಒಂದು ಸಮಿತಿ ಕೂತು, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಹೇಳಬೇಕಾಯಿತು.

ನರ್ಸಿಗೆ ಶಾಸ್ತ್ರ ಬೇಡವೆಂದು ಇಂದು ಯಾರೂ ಹೇಳಲಾರರು. ಔಷಧ ಅರೆಯುವ ಕಾಲ ಹೋಗಿ, ಹನಿಹನಿಯಾಗಿ ನರಕ್ಕೆ ಇಳಿಯುವ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವ ಕಾಲ ಬಂದಿದೆ. ಉಸಿರಾಟದ ಯಂತ್ರ ರಾತ್ರಿ ಎರಡು ಗಂಟೆಗೆ ಕೂಗಿಕೊಂಡರೆ ಮೊದಲು ಓಡಿಬರುವವಳು ಆಕೆ. ಆದ್ದರಿಂದ ಪದವಿ ಕಡ್ಡಾಯವಾಗಲಿ ಎಂಬ ಪಕ್ಷಕ್ಕೆ ನಾನೂ ಸೇರಿದವನೇ. ಆದರೆ ಕಡ್ಡಾಯ ಮಾಡುವ ಕಲಮಿನಲ್ಲಿಯೇ ಶುಲ್ಕ ಯಾರದು ಎಂಬುದನ್ನೂ ಬರೆದಿರಬೇಕು. ಅದಿಲ್ಲದ ನಿಯಮ ಹಮಾಲಿಯ ಮಗಳನ್ನು ವಾರ್ಡಿನ ಹೊರಗೆ ನಿಲ್ಲಿಸುತ್ತದೆ, ಆಕೆಯ ಜಾಗದಲ್ಲಿ ಬೇರೆ ಯಾರನ್ನೂ ತಂದು ನಿಲ್ಲಿಸುವುದಿಲ್ಲ.

ನನ್ನ ವಿದ್ಯಾರ್ಥಿನಿ ಡಿಪ್ಲೊಮಾ ಮುಗಿಸಿ ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿದ್ದಳು. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ಇಬ್ಬರೇ ಅಂತೆ. "ಸಾರ್, ಬೆಡ್‌ಸೋರ್ ಅಂದರೆ ಮನೆಯವರಿಗೆ ತಿಳಿಯುವುದಿಲ್ಲ, ಕನ್ನಡದಲ್ಲಿ ಏನೆನ್ನಲಿ?" ಎಂದು ಕೇಳಿದಳು. ಹಾಸಿಗೆ ಹುಣ್ಣು ಅನ್ನು, ಸಾಕು, ಎಂದೆ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಏಕೆ ಬದಲಿಸಬೇಕು, ಮೂಳೆಯ ಮೇಲಿನ ಚರ್ಮಕ್ಕೆ ರಕ್ತ ಹೇಗೆ ನಿಲ್ಲುತ್ತದೆ ಎಂಬುದನ್ನೆಲ್ಲ ನನಗೇ ವಿವರಿಸಿದಳು. ನಾನು ಶುಶ್ರೂಷುವಾಗಿ ಕೇಳಿದೆ. ಪೋಸ್ಟ್ ಬೇಸಿಕ್ ಓದಬೇಕೆಂದು ಆಸೆ ಇದೆ. ಓದಲು ಹೋದರೆ ಎರಡು ವರ್ಷ ಸಂಬಳವಿಲ್ಲ, ಮೇಲೆ ಶುಲ್ಕ ಬೇರೆ. ತಂದೆಗೆ ಈಗ ಬೆನ್ನುನೋವು, ಮೂಟೆ ಹೊರಲಾರರು. ಅರ್ಜಿಗೆ ಇನ್ನೂ ಹನ್ನೆರಡು ದಿನವಿದೆ, ಭಾನುವಾರ ಬರುತ್ತೇನೆ ಸಾರ್, ಎಂದು ಹೇಳಿ ಫೋನಿಟ್ಟಳು.