ಢಾಕಾ ವಿ.ವಿ. ನೌಕರರ ಮುಷ್ಕರ, 1949

1949ರ ಮಾರ್ಚ್‌ನಲ್ಲಿ ಢಾಕಾ ವಿಶ್ವವಿದ್ಯಾಲಯದ ನಾಲ್ಕನೇ ದರ್ಜೆ ನೌಕರರು ತಮ್ಮ ಬೇಡಿಕೆಗಳ ಈಡೇರಿಕೆಗಾಗಿ ಮುಷ್ಕರ ಹೂಡಿದರು. ಆಗ ಢಾಕಾ ಪಾಕಿಸ್ತಾನದ ಪೂರ್ವ ಬಂಗಾಳ ಪ್ರಾಂತ್ಯದ ರಾಜಧಾನಿ. ನೌಕರರ ಪರ ನಿಂತ 27 ವಿದ್ಯಾರ್ಥಿಗಳ ಮೇಲೆ ಆಡಳಿತವರ್ಗ ಶಿಸ್ತುಕ್ರಮ ಜರುಗಿಸಿತು. ಅವರಲ್ಲೊಬ್ಬರು ಕಾನೂನು ವಿದ್ಯಾರ್ಥಿ ಶೇಖ್ ಮುಜಿಬುರ್ ರೆಹಮಾನ್. ಅವರಿಗೆ ವಿಧಿಸಿದ್ದು 15 ರೂ. ದಂಡ ಹಾಗೂ ಸನ್ನಡತೆಯ ಮುಚ್ಚಳಿಕೆ. ಮೊತ್ತ ದೊಡ್ಡದಲ್ಲ, ಆದರೆ ಮುಚ್ಚಳಿಕೆ ಬರೆದುಕೊಡುವುದೆಂದರೆ ತಪ್ಪೊಪ್ಪಿಕೊಂಡಂತೆಯೇ ಸರಿ. ಹಲವರು ಷರತ್ತಿಗೆ ಮಣಿದು ತರಗತಿಗೆ ಮರಳಿದರು. ನಿರಾಕರಿಸಿದ ಮುಜಿಬ್ ಉಚ್ಚಾಟಿತರಾದರು, ಏಪ್ರಿಲ್‌ನಲ್ಲಿ ಬಂಧಿತರಾದರು. ಜೂನ್ 23ರಂದು ಅವಾಮಿ ಮುಸ್ಲಿಂ ಲೀಗ್ ಸ್ಥಾಪನೆಯಾದಾಗ ಸೆರೆಯಲ್ಲಿದ್ದ ಅವರನ್ನೇ ಜಂಟಿ ಕಾರ್ಯದರ್ಶಿಯನ್ನಾಗಿ ಆರಿಸಲಾಯಿತು. ಕಾನೂನು ಪದವಿ ಮಾತ್ರ ಕೈಗೂಡಲಿಲ್ಲ. ಮುಂದೆ ಬಾಂಗ್ಲಾದೇಶದ ಸ್ಥಾಪಕರೆನಿಸಿದ ಅವರು 1975ರಲ್ಲಿ ಹತ್ಯೆಗೀಡಾದರು. ವಿಶ್ವವಿದ್ಯಾಲಯ ಉಚ್ಚಾಟನೆಯ ಆದೇಶ ಹಿಂಪಡೆದದ್ದು 2010ರಲ್ಲಿ.